ಗೋಡೆ ನೆಕ್ಕಿದ ಬೆಳ್ಳಿ

ಡ್ರಮ್ಮಿನ ಮುಚ್ಚಳ ಸಡಿಲವಾಗಿರಬೇಕು ಎಂಬುದು ಅನಂತಕೃಷ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದವನೇ ಅದನ್ನು ಹಗ್ಗ ಹಾಕಿ ಬಿಗಿದ. ಕಾರಣ, ಬೇಲಿಯಾಚೆಯ ಚಲುವಮ್ಮ.

"ಅದೇನ್ ನಾತ ಸಾರ್! ಗಂಟ್ಲಲ್ಲಿ ಮುದ್ದೆ ಇಳೀತಿಲ್ಲ. ಮುಚ್ತೀರೋ, ಇಲ್ಲಾ ಹೊಳೆಗೆ ಉರುಳಿಸ್ಲೋ?"

ಅನಂತಕೃಷ್ಣ ಕುಶಾಲನಗರದಲ್ಲಿ ತರಕಾರಿ ಹೆಚ್ಚಿ ಪ್ಯಾಕ್ ಮಾಡುವ ಫ್ಯಾಕ್ಟರಿಯೊಂದರ ಸೂಪರ್‌ವೈಸರ್. ಅಲ್ಲಿ ರಾಶಿ ಬೀಳುವ ಬೀಟ್‌ರೂಟ್ ಸಿಪ್ಪೆಯನ್ನು ಅರೆದು ಯೀಸ್ಟ್ ಬೆರೆಸಿದರೆ, ಅದು ಸಿಪ್ಪೆಯ ಸಕ್ಕರೆ ತಿಂದು ಬೆಳೆದು ಹಸುವಿಗೆ ಪ್ರೋಟೀನ್ ತುಂಬಿದ ಮೇವಾಗುತ್ತದೆ ಎಂದು ಮಾಲೀಕ ಗೋಪಿನಾಥರ ಮುಂದೆ ಕೊಚ್ಚಿಕೊಂಡಿದ್ದ. ಅದರ ಪ್ರಯೋಗವೇ ಮನೆಯ ಹಿತ್ತಲಿನ ಈ ಡ್ರಮ್ಮು.

"ಮಧ್ಯಾಹ್ನ ಮೇವಿನ ಎಕ್ಸ್‌ಪರ್ಟ್ ವೀಣಾ ಮೇಡಂನ ಕರ್ಕೊಂಡ್ ಬರ್ತೀನಿ," ಎಂದಿದ್ದರು ಗೋಪಿನಾಥ. "ಅವ್ರು ಒಪ್ಪಿದ್ರೆ ಹೊಸ ಯೂನಿಟ್ಟಿಗೆ ನೀವೇ ಮ್ಯಾನೇಜರ್. ಇಲ್ದಿದ್ರೆ ವಾಪಸ್ ಸಿಪ್ಪೆ ಮೆಷಿನ್ನಿಗೆ."

ತಿನ್ನಿಸಿ ತೋರಿಸಲು ಹಸು ಬೇಕಲ್ಲ? ಚಲುವಮ್ಮನ ಹಸು ಬೆಳ್ಳಿಯ ಮುಂದೆ ಒಂದು ಬಕೆಟ್ ಮೇವು ಇಟ್ಟು ನೋಡಿದ. ಬೆಳ್ಳಿ ಮೂಸಿತು, ಬೇಡದ ಗಂಡನ್ನು ನೋಡಿದ ಹುಡುಗಿಯಂತೆ ಮುಖ ತಿರುಗಿಸಿತು.

"ನೀವು ಮಾಡಿದ ಉಪ್ಪಿಟ್ಟಿಗೆ ನಾನೂ ಹಿಂಗೇ ಮಾಡಿದ್ದೆ," ಎಂದಳು ಹೆಂಡತಿ ಮೈತ್ರೇಯಿ.

ಅಷ್ಟರಲ್ಲಿ ಚಲುವಮ್ಮನ ಗಂಡ ಸಣ್ಣಸ್ವಾಮಿ ಒಂದು ಒರಳುಕಲ್ಲು ಹೊತ್ತು ತಂದು ಡ್ರಮ್ಮಿನ ಮೇಲೆ ಕುಕ್ಕಿದ. "ಹಗ್ಗ ಸಾಲಲ್ಲ ಸಾರ್. ಈಗ ನಾತದಪ್ಪನೂ ಆಚೆ ಬರಲ್ಲ ನೋಡಿ!"

ಗಾಳಿ ಸಿಕ್ಕರೆ ಯೀಸ್ಟು ಬೆಳೆಯುತ್ತದೆ, ಉಸಿರು ಕಟ್ಟಿಸಿದರೆ ಬರೀ ಗ್ಯಾಸ್ ಬಿಡುತ್ತದೆ. ಇದನ್ನು ಎಂಎಸ್ಸಿಯಲ್ಲಿ ಉರುಹೊಡೆದು ಪಾಸಾದವನು ಅನಂತಕೃಷ್ಣ. ಕಲ್ಲು ಇಳಿಸಿ ಎನ್ನಲು ಬಾಯಿ ತೆರೆದ. ಚಲುವಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಥ್ಯಾಂಕ್ಸ್" ಎಂದ. ಡ್ರಮ್ಮಿನೊಳಗಿನ ಯೀಸ್ಟಿಗೂ ನನಗಿಂತ ಜಾಸ್ತಿ ಧೈರ್ಯವಿದೆ ಎಂದು ತನ್ನನ್ನೇ ಬೈದುಕೊಂಡ.

ಯೀಸ್ಟಿಗೆ ಧೈರ್ಯ ಇದ್ದೇ ಇತ್ತು. ಗೋಪಿನಾಥರ ಜೀಪು ಬಂದು ವೀಣಾ ಮೇಡಂ ಕಾಲು ಕೆಳಗಿಡುವಾಗ ಡ್ರಮ್ಮು ಗರ್ಭಿಣಿಯಂತೆ ಉಬ್ಬಿತ್ತು. "ನಮಸ್ಕಾರ ಮೇಡಂ, ಇದೇ ನಮ್ಮ..." ಎನ್ನುವಷ್ಟರಲ್ಲಿ ಢಮಾರ್!

ಒರಳುಕಲ್ಲು ಬಾಳೆಗಿಡ ಮುರಿದು ಬಿತ್ತು. ಕೆಂಪು ರಾಡಿ ಬೇಲಿ ಹಾರಿ, ಚಲುವಮ್ಮ ಹೋದ ವಾರವಷ್ಟೇ ಸುಣ್ಣ ಬಳಿಸಿದ್ದ ಗೋಡೆಗೆ ಪೂರ್ತಿ ಮೆತ್ತಿಕೊಂಡಿತು. ಅನಂತಕೃಷ್ಣನ ಮೀಸೆಯಿಂದ ಬೀಟ್‌ರೂಟು ತೊಟ್ಟಿಕ್ಕುತ್ತಿತ್ತು.

ಸದ್ದಿಗೆ ಬೆದರಿದ ಬೆಳ್ಳಿ ಗೂಟ ಕಿತ್ತುಕೊಂಡು ಓಡಿತು. ಗೋಡೆಯ ಹತ್ತಿರ ನಿಂತಿತು. ಮೂಸಿತು. ಆಮೇಲೆ ಸುಣ್ಣದ ರುಚಿಗೋ ಸಿಪ್ಪೆಯ ರುಚಿಗೋ, ಕಣ್ಣು ಮುಚ್ಚಿ ಚಪ್ಪರಿಸುತ್ತ ನೆಕ್ಕತೊಡಗಿತು.

ವೀಣಾ ಮೇಡಂ ಓಡಿಹೋಗಿ ಫೋಟೋ ಹೊಡೆದರು. "ವಂಡರ್‌ಫುಲ್! ತೆಳ್ಳಗೆ ಹರಡಿದ್ರೆ ಗಾಳಿ ಆಡುತ್ತೆ, ಬೇಗ ಒಣಗುತ್ತೆ. ಯಾರದಿದು?"

ಪರಿಹಾರ ಕೊಡಿಸಲು ಬಂದ ಆಫೀಸರ್ ಎಂದುಕೊಂಡ ಚಲುವಮ್ಮ ಮುನ್ನುಗ್ಗಿದಳು. "ನಂದು ಕಣವ್ವ! ಗೋಡೆನೂ ನಂದು, ಹಸಾನೂ ನಂದು! ಎಲ್ಲಾ ನಂದೇ ಅಂತ ಬರ್ಕೊಳ್ಳಿ!"

"ಮತ್ತೆ ಇವ್ರು?"

"ಇವ್ರಾ? ಡ್ರಮ್ ಒಡೆದೋರು."

ಅನಂತಕೃಷ್ಣ ಏನೋ ಹೇಳಲು ಹೋದ. ಬಾಯೊಳಗೂ ರಾಡಿಯಿತ್ತು.

"ಸಿಪ್ಪೆನ ಡ್ರಮ್ಮಲ್ಲಿ ಕೂಡಿಹಾಕಿದ್ರಾ? ಯೀಸ್ಟಿಗೆ ಗಾಳಿ ಬೇಕು ಅನ್ನೋದೂ ಗೊತ್ತಿಲ್ವಾ?" ಮೇಡಂ ಮರುಗಿದರು. ಗೋಪಿನಾಥರು ಅವನತ್ತ ನೋಡಲೇ ಇಲ್ಲ.

ಸಂಜೆ ಫ್ಯಾಕ್ಟರಿಯ ಟ್ರ್ಯಾಕ್ಟರು ಸಿಪ್ಪೆ ತುಂಬಿಕೊಂಡು ಬಂದು ಚಲುವಮ್ಮನ ಅಂಗಳದಲ್ಲಿ ನಿಂತಿತು. ಹೊಸ ಯೂನಿಟ್ಟು ಅಲ್ಲೇ ಶುರುವಂತೆ. ತಿಂಗಳಿಗಿಷ್ಟು ಎಂದು ಆಕೆಗೆ ಗೌರವಧನವಂತೆ, ಜೊತೆಗೊಬ್ಬ ಸಹಾಯಕನಂತೆ.

ಬೆಳಿಗ್ಗೆಯವರೆಗೂ 'ಸಾರ್' ಎನ್ನುತ್ತಿದ್ದ ದನಿ ಬೇಲಿಯಾಚೆಯಿಂದ ಕೂಗಿತು:

"ಏ ಅನಂತೂ! ಪಂಚೆ ಎತ್ತಿ ಕಟ್ಕೊಂಡ್ ಬಾರಪ್ಪ, ಲೋಡ್ ಇಳಿಸ್ಬೇಕು!"