ಕಪ್ಪಿನ ಮೇಲೆ ಕೆಂಪು ಬಣ್ಣ

ದವಾಖಾನೆಗೆ ಹೋದವ ಮೋರೆ ಇಳಿಬಿಟ್ಟುಕೊಂಡು ಬರುತ್ತಾನೆ ಅಂತಾರೆ. ನಾನು ಎಷ್ಟು ಸಲ ಹೋದೆನೋ ಅಷ್ಟು ಸಲವೂ ಏನಾದರೊಂದು ನಗುವಂಥದ್ದು ಆಗೇ ಆಯಿತು.

೧. ತೊಳೆದದ್ದು

ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ಅಂಗಾಲಿನಲ್ಲಿ ಒಂದು ಕಪ್ಪು ಗಂಟು ಎದ್ದಿತ್ತು. ಹುಣಸೆ ಬೀಜದಷ್ಟು. ಹೆಂಡತಿ ಇದ್ದಿದ್ದರೆ ಅವಳೇ ಮೊದಲು ನೋಡುತ್ತಿದ್ದಳು. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ನಾನು ಕಾಲು ನೋಡಿಕೊಳ್ಳುವುದನ್ನೇ ಬಿಟ್ಟಿದ್ದೆ.

ಓಣಿಯ ಡಾಕ್ಟರು ನನ್ನ ಕೈ ನೋಡಿದರು, ಉಗುರು ನೋಡಿದರು. ಎಲ್ಲ ಕಪ್ಪು. ಬಣ್ಣ ಕೂತಿದೆ, ತೊಳೆದುಕೊಂಡು ಬಾ ಅಂದರು. ಸಬಕಾರ ಹಚ್ಚಿದೆ. ಹೋಗಲಿಲ್ಲ. ಸೀಗೆಕಾಯಿ ಹಚ್ಚಿದೆ. ಹೋಗಲಿಲ್ಲ. ಕಡೆಗೆ ಸೀಮೆಎಣ್ಣೆ. ಅದಕ್ಕೂ ಹೋಗದ್ದನ್ನು ನೋಡಿ ಡಾಕ್ಟರು ಗಾಬರಿಯಾಗಿ, ಇದು ಬಣ್ಣ ಅಲ್ಲ, ಗದಗಿನ ದೊಡ್ಡ ದವಾಖಾನೆಗೆ ಹೋಗು ಅಂದರು.

ನನಗೆ ಮೊದಲೇ ಗೊತ್ತಿತ್ತು. ನಲವತ್ತು ವರ್ಷ ಕಪ್ಪು ಹಾಕಿದ್ದೇನೆ. ನಾನು ಹಾಕಿದ ಕಪ್ಪು ಒಂದೂ ಮೂರು ಸಲ ತೊಳೆದ ಮೇಲೆ ಉಳಿದದ್ದಿಲ್ಲ.

೨. ಮಾತಾಡಿಸಲು ಬಂದವರು

ದೊಡ್ಡ ದವಾಖಾನೆಯಲ್ಲಿ ಗಂಟಿನ ಒಂದು ಚೂರು ಕತ್ತರಿಸಿಕೊಂಡರು. ನೋಡಿ ಎರಡು ಮಾತು ಹೇಳಿದರು. ಒಂದು, ಚರ್ಮಕ್ಕೆ ಕಪ್ಪು ಕೊಡುವ ಜೀವಕಣಗಳ ಕ್ಯಾನ್ಸರ್ ಇರಬಹುದು. ಅದು ಕೆಟ್ಟದ್ದು. ಕಾಲು ಹೋದೀತು, ಜೀವವೂ ಹೋದೀತು. ಎರಡು, ಅದರಂತೆಯೇ ಕಾಣುವ, ಅಪರೂಪದ, ನಿರುಪದ್ರವಿ ಗಂಟು ಇರಬಹುದು. ಇನ್ನೊಂದು ಪರೀಕ್ಷೆ ಆಗದೆ ಹೇಳಲಾಗದು.

ಖಬರು ಮುಂಡರಗಿಯ ನನ್ನ ತಂಗಿಗೆ ಹೋಯಿತು. ಅವಳಿಂದ ಅಡರಕಟ್ಟಿಯ ಬೀಗರಿಗೆ. ಟಂಟಂ ಗಾಡಿ ತುಂಬ ಬಂದರು, ಬಾಳೆಹಣ್ಣು ಹಿಡಿದುಕೊಂಡು. ಒಬ್ಬಾಕೆ ಹೊಸ್ತಿಲಲ್ಲೇ ಅಳಲು ಶುರು ಮಾಡಿದಳು. ಇನ್ನೂ ಏನೂ ಗೊತ್ತಾಗಿಲ್ಲ ಅಂದೆ. ಅಳು ನಿಂತಿತು. ಹಿರಿಯ ಬೀಗರ ಮೋರೆ ಸಣ್ಣದಾಯಿತು.

"ಮೊದಲ ಹೇಳಬಾರದನ್ರಿ? ಈಗ ಮೆಣಸಿನಕಾಯಿ ಬಿಡಿಸೂ ದಿನ. ಮತ್ತೊಮ್ಮಿ ಹ್ಯಾಂಗ ಬರೂದು?"

ತಪ್ಪಾಯಿತು ಅಂದೆ. ಮತ್ತೇನು ಅನ್ನಲಿ? ಬಿಡಿಸುವುದು ಮುಗಿಯೋ ತನಕ ತಡೆದುಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ.

೩. ಕೆಂಪು ಹಾಕ್ರಿ

ಪರೀಕ್ಷೆ ಮಾಡುವಾಕೆ ಒಬ್ಬ ಡಾಕ್ಟರಬಾಯಿ. ಸಣ್ಣ ವಯಸ್ಸು. ಏನು ಪರೀಕ್ಷೆ ಅಂತ ಕೇಳಿದೆ. ಸಮಾಧಾನವಾಗಿ ಹೇಳಿದರು. ಕಪ್ಪು ಕೊಡುವ ಕಣಗಳಲ್ಲಿ ಒಂದು ನಮೂನೆ ಪ್ರೋಟೀನ್ ಇರುತ್ತದೆ. ಚರ್ಮದ ಬೇರೆ ಕಣಗಳಲ್ಲಿ ಬೇರೆ. ಒಂದೊಂದನ್ನೇ ಹುಡುಕಿ ಹಿಡಿಯುವ ಔಷಧ ಹಾಕಿ, ಹಿಡಿದ ಕಡೆ ಬಣ್ಣ ಏಳುವಂತೆ ಮಾಡುತ್ತಾರೆ. ಯಾವುದು ಹಿಡಿಯಿತೋ, ಗಂಟು ಆ ಕುಲದ್ದು.

ನಾನು ಎದ್ದು ನಿಂತುಬಿಟ್ಟೆ. ರೇಷ್ಮೆ ಹಿಡಿಯುವ ಬಣ್ಣ ಹತ್ತಿ ಹಿಡಿಯುವುದಿಲ್ಲ. ಬೆರಕೆ ನೂಲನ್ನು ನಾನು ಪತ್ತೆ ಹಚ್ಚುವುದೂ ಹಾಗೇ. ಹೆದರಿಕೆ ಎಲ್ಲಿ ಹೋಯಿತೋ. ಇದನ್ನು ಹೋಗಿ ಹೇಳಲು ಮನೆಯಲ್ಲಿ ಅವಳಿಲ್ಲವಲ್ಲ, ಅದೊಂದೇ ಕೊರತೆ.

ಯಾವ ಬಣ್ಣ ಅಂದೆ. ಸಾಮಾನ್ಯವಾಗಿ ಕಂದು ಅಂದರು.

"ಬಾಯಾರ, ಗಂಟ ಕಪ್ಪೈತಿ. ಅದರ ಮ್ಯಾಲೆ ಕಂದ ಹಾಕಿದ್ರ ಹ್ಯಾಂಗ ಕಾಣ್ತೈತಿ? ಕೆಂಪ ಹಾಕ್ರಿ."

ಅವರು ನಕ್ಕರು. ಕಂದು ಹಾಕಿ ನೋಡಿ ಏನೂ ತಿಳಿಯದೆ, ಅವತ್ತೇ ಕೆಂಪು ಹಾಕಲು ಇಟ್ಟಿದ್ದರಂತೆ. ಜೋಡಿಗೆ ಯಾವ ಕುಲದ್ದೆಂದು ಮೊದಲೇ ಗೊತ್ತಿದ್ದ ಚೂರೊಂದನ್ನೂ ಅದ್ದುತ್ತೀರೇನು, ಬಣ್ಣ ಸರಿ ಇದೆಯೋ ಇಲ್ಲವೋ ತಿಳಿಯಲು, ಅಂತ ಕೇಳಿದೆ. ಪ್ರತಿ ಸಲ ಅಂದರು.

"ಹಂಗಾರ ನಿಮಗ ಕೆಲಸ ಬರ್ತೈತಿ ಬಿಡ್ರಿ" ಅಂದೆ.

ನಾನು ಓದಿದ್ದು ಮೂರನೇ ಇಯತ್ತೆ. ಅವರನ್ನು ಪಾಸು ಮಾಡಿ ಬಂದೆ.

೪. ಅದಲಿಬದಲಿ

ಫಲಿತಾಂಶದ ದಿನ, ವೈನಿ ಇಲ್ಲದ ಅಣ್ಣನ ಜೋಡಿ ಯಾರಿದ್ದಾರೆ ಅಂತ ತಂಗಿಯೂ ಬಂದಳು. ಹೊರಗೆ ಬಾಕಿನ ಮೇಲೆ ಕೂತು ಸೆರಗಿನ ತುದಿ ಕಡಿಯುತ್ತಿದ್ದಳು. ನನ್ನನ್ನು ಒಳಗೆ ಕರೆದರು. ಕಪ್ಪಿನ ಪ್ರೋಟೀನು ಹುಡುಕಿದ ಗಾಜನ್ನು ಸೂಕ್ಷ್ಮ ದುರ್ಬೀನಿಗಿಟ್ಟು, ನೋಡ್ರಿ ಅಂದರು ಡಾಕ್ಟರಬಾಯಿ.

ನೋಡಿದೆ. ಏನು ಕೆಂಪು! ಆದರೆ ಅಲ್ಲೊಂದು ಇಲ್ಲೊಂದು, ಬಿತ್ತಿದ ಕಾಳಿನ ಹಾಗೆ. ಉಳಿದ ಗಂಟೆಲ್ಲ ಹಿಡಿದೇ ಇಲ್ಲ. ಇನ್ನೊಂದು ಗಾಜು ಇಟ್ಟರು. ಅದು ಚರ್ಮದ ಬೇರೆ ಕಣಗಳ ಪ್ರೋಟೀನಿನದು. ಅದರಲ್ಲಿ ಗಂಟೆಲ್ಲ ಕೆಂಪೇ ಕೆಂಪು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ಇದು ಕಪ್ಪಿನ ಕುಲದ್ದಲ್ಲ. ಹೌದು ಅಂದರು. ಬೆವರಿನ ನಾಳದಿಂದ ಎದ್ದ ಗಂಟು. ಕಪ್ಪಿನ ನಾಲ್ಕು ಕಣ ಅದರೊಳಗೆ ಹೊಕ್ಕು ಕೂತು ಬಣ್ಣ ಕೊಟ್ಟಿವೆ, ಅಷ್ಟೇ. ಪೂರ್ತಿ ತೆಗೆದರೆ ಮುಗಿಯಿತು.

ಓಡುತ್ತ ಹೊರಗೆ ಬಂದು ತಂಗಿಗೆ ಹೇಳಿದೆ. ಕಾಲೂ ಉಳಿಯಿತು, ನಾನೂ ಉಳಿದೆ, ಇದು ಬರೇ ಬೆವರಿನ ಗಂಟು.

ಅವಳು ನನ್ನ ಮೋರೆ ನೋಡಿದಳು. ಎದ್ದಳು. ಸೀದಾ ಒಳಗೆ ಹೋದಳು. ನಾನು ಹಿಂದೆ ಓಡಿದೆ.

"ಬಾಯಾರ, ಯಾರದೋ ಚೂರು ಅದಲಿಬದಲಿ ಆಗೇತಿ, ಇನ್ನೊಮ್ಮಿ ನೋಡ್ರಿ. ನಮ್ಮ ಅಣ್ಣಗ ಬೆವರಿನ ರೋಗ ಬರಾಕ ಸಾಧ್ಯನ ಇಲ್ಲ. ಆ ಮನ್ಯಾಗ ಬೆವರು ಸುರಿಸಿದಾಕಿ ನಮ್ಮ ವೈನಿ ಒಬ್ಬಾಕಿನ."

ಡಾಕ್ಟರಬಾಯಿ ನನ್ನ ಕಡೆ ನೋಡಿದರು.

ಖರೆ ಅಂದೆ.