ಕಾಯ್ತಾನ್ ಬಾಬ್‌ರ ಹಾವು, ನಮ್ಮ ಪಂಚಮಿ

ಹಾವಿನ ವಿಷಯದಲ್ಲಿ ಈ ಕಂಠೆಪ್ಪನಿಗೆ ಪಾಠ ಹೇಳುವ ಗಂಡಸು ಇಡೀ ಗೋವಾದಲ್ಲೇ ಹುಟ್ಟಿಲ್ಲ ಎಂದು ನಾನೇ ನನ್ನ ಬಾಯಾರೆ ಹೇಳಿದ್ದೆ. ಹೇಳಿದ್ದು ಎಲ್ಲೋ ಮೂಲೆಯಲ್ಲಲ್ಲ. ವಾಸ್ಕೋ ಬಂದರಿನ ಗೋದಾಮಿನ ಮುಂದೆ, ನಮ್ಮ ಟೋಳಿಯ ಅಷ್ಟೂ ಹಮಾಲರ ಎದುರಿಗೆ! ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಸುಸ್ತಾಗುತ್ತದೆ.

ನಮ್ಮ ಗುತ್ತಿಗೆದಾರರ ಸೂಪರ್‌ವೈಸರ್ ಕಾಯ್ತಾನ್ ಬಾಬ್ ಗೋವೆಯವರೇ; ಬಾಬ್ ಎಂದರೆ ಅಲ್ಲಿ ರಾಯರು ಎಂದಂತೆ. ವರ್ಷಗಟ್ಟಲೆ ನಮ್ಮಂಥವರ ಮೇಲೆ ಕೂಗಾಡಿ ಕೂಗಾಡಿಯೇ ಕನ್ನಡ ಕಲಿತ ಮನುಷ್ಯ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಮೈದುನ ಆಫ್ರಿಕಾದಿಂದ ಅವರಿಗೊಂದು ಹಾವನ್ನು ಕಾಣಿಕೆ ತಂದುಕೊಟ್ಟಿದ್ದ. ಬೇರೆಯವರ ಮೈದುನಂದಿರು ಸೆಂಟು ತರುತ್ತಾರೆ, ಟೇಪ್‌ರೆಕಾರ್ಡರ್ ತರುತ್ತಾರೆ. ಬಾಬ್‌ಗೆ ಆ ಹಾವೆಂದರೆ ಪ್ರಾಣ, ಅವರ ಹೆಂಡತಿಗೆ ಪ್ರಾಣಸಂಕಟ. ಈಗ ಹೆಂಡತಿಯ ಕಡೆಯ ಮದುವೆಗೆಂದು ಇಬ್ಬರೂ ಮುಂಬೈಗೆ ಹೋಗಬೇಕಿತ್ತು.

"ಹಾವು ಯಾರ್ ಸಂಭಾಳಸ್ತೀರಿ?" ಎಂದು ಬಾಬ್ ಕೇಳಿದರು. "ಮುಕಾದಮನ ಜಾಗಾ ಖಾಲಿ ಐತಿ. ನಾ ವಾಪಸ್ ಬಂದ ಮ್ಯಾಲ ಅದೂ ನೋಡೋಣು."

ಮುಕಾದಮ ಎಂದರೆ ಟೋಳಿಯ ಯಜಮಾನ. ಚೀಲ ಹೊರುವವನಲ್ಲ, ಹೊರಿಸುವವನು. ನನ್ನ ಬೆನ್ನು ಆ ಹುದ್ದೆಗಾಗಿ ಎಷ್ಟೋ ಮಳೆಗಾಲದಿಂದ ಕಾಯುತ್ತಿತ್ತು. ನನ್ನ ಜೊತೆ ಚೀಲ ಹೊರುವ ಗೋಪಪ್ಪ, ಮನೆಯಲ್ಲೂ ನನಗೆ ಪಕ್ಕದವನೇ, ಹಾವೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚೀಲಗಳ ಹಿಂದೆ ಸರಿದ. ನಾನು ಎದೆ ಮುಂದೆ ಮಾಡಿ, ಮೇಲೆ ಹೇಳಿದ ಮಾತನ್ನು ಹೇಳಿದೆ.

ಬಾಬ್ ತಗಡಿನ ಟ್ರಂಕು ಕೈಗೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇದು ಹೆಬ್ಬಾವಿನ ಪೈಕಿ, ಸಣ್ಣ ಜಾತಿ. ವಿಷ ಇಲ್ಲ. ಬೆಚ್ಚಗ ಇಡು, ಇಲಿ ಹಾಕು, ತಿನ್ಲಿಲ್ಲಂದ್ರ ಸುಮ್ನ ಬಿಡು. ಮತ್ತೇನೂ ಮಾಡಬ್ಯಾಡ."

ವಿಷವಿಲ್ಲ ಎಂಬ ಮಾತನ್ನು ಅಲ್ಲೇ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡೆ. ವಿಷವಿಲ್ಲದ ಹಾವನ್ನು ಸಾಕುವುದರಲ್ಲಿ ಯಾವ ದೊಡ್ಡಸ್ತಿಕೆ ಇದೆ ಹೇಳಿ!

ಮಂಗೋರ್ ಹಿಲ್‌ನ ನಮ್ಮ ಚಾಳಿನಲ್ಲಿ ಮನೆಮನೆಗೂ ನಡುವೆ ಬರೀ ತಗಡಿನ ಗೋಡೆ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ನಾನು ಟ್ರಂಕು ಇಳಿಸುವಷ್ಟರಲ್ಲಿ ಬಾಗಿಲಲ್ಲಿ ಜನ ಜಮಾಯಿಸಿದರು.

"ಏನ್ರಿ ಇದು?" ಎಂದಳು ನನ್ನ ಹೆಂಡತಿ ಚಂದವ್ವ.

"ಹಾವು."

"ಅದು ಕಾಣಾಕತ್ತೈತಿ. ಯಾವ ಹಾವು?"

ಹೆದರಿದರೆ ತಲೆಯನ್ನು ಒಳಗೆ ಸೇರಿಸಿ, ಮೈಯನ್ನು ಚೆಂಡಿನಂತೆ ಸುತ್ತಿಕೊಂಡು ಕೂರುವ ಜಾತಿ ಅದು. ಹೆಡೆ ಇದೆಯೋ ಇಲ್ಲವೋ ನೋಡೋಣವೆಂದರೆ ತಲೆಯೇ ಸಿಗದು. ಮೈತುಂಬ ಕಂದು, ಕಪ್ಪು ಮಚ್ಚೆ. ಗೋಪಪ್ಪ ಹೊಸ್ತಿಲಾಚೆಯಿಂದಲೇ "ಕೊಳಕುಮಂಡಲ" ಎಂದ. ಬೋಗ್ಮಾಳೋ ಬೀಚಿನಲ್ಲಿ ಮಣಿಸರ ಮಾರುವ, ಎದುರುಮನೆಯ ಗೌರಿಬಾಯಿ "ಬಾಲ ಮೊಂಡ ಐತಿ, ಇದು ಎರಡ ತಲಿ ಹಾವು" ಎಂದಳು. ಮತ್ಯಾರೋ ಇದು ಹಾರಿ ಬಂದು ಹಣೆಗೇ ಕಚ್ಚುತ್ತದೆ ಎಂದರು. ಯಾರು ಎಂಥ ಭಯಂಕರ ಹೆಸರು ಹೇಳಿದರೂ ನಾನು ಗಂಭೀರವಾಗಿ ತಲೆಯಾಡಿಸಿ, ಕೊನೆಗೆ ತೀರ್ಪು ಕೊಟ್ಟೆ.

"ಇದು ಆಫ್ರಿಕಾದ ಕೊಳಕುಮಂಡಲ. ಕಡದ್ರ ಒಂದ್ ಗುಟುಕು ನೀರು ಕುಡ್ಯಾಕೂ ಹೊತ್ತು ಸಿಗೂದಿಲ್ಲ."

ಹಾಗೆಂದು ಆ ಚೆಂಡನ್ನು ಬರಿಗೈಯಲ್ಲಿ ಎತ್ತಿ ಹಿಡಿದೆ. ಚಾಳಿಗೆ ಚಾಳೇ ಹಿಂದೆ ಸರಿಯಿತು. ಅಂಥ ಗೌರವ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಗೌರವವೇನೋ ಸಿಕ್ಕಿತು, ಹಾವು ಮಾತ್ರ ಅನ್ನ ನೀರು ಬಿಟ್ಟಿತು. ಗೋದಾಮಿನಿಂದ ಒಂದು ಇಲಿ ಹಿಡಿದು ತಂದು ಟ್ರಂಕಿಗೆ ಬಿಟ್ಟೆ. ಹಾವು ತಿರುಗಿಯೂ ನೋಡಲಿಲ್ಲ. ಇಲಿ ಹಸಿದು ಕೂಗುವುದನ್ನು ಕೇಳಲಾಗದೆ ಚಂದವ್ವ ಜೋಳ ಹಾಕಿದಳು. ಅದನ್ನು ತಿಂದು ಇಲಿ ದುಂಡಗಾಯಿತು, ಹಾವು ಬಡವಾಯಿತು. ಆಮೇಲಾಮೇಲೆ ಇಲಿ ಹಾವಿನ ಮೇಲೆಯೇ ಮಲಗಿ ನಿದ್ದೆ ಹೊಡೆಯತೊಡಗಿತು.

"ಇಲಿ ಸಾಕಾಕ ಹಾವು ತಂದೀರೇನ?" ಎಂದಳು ಚಂದವ್ವ.

ಆ ಹಾವು ಬಡವಾದಷ್ಟೂ ನನ್ನ ಮುಕಾದಮಗಿರಿಯೂ ಬಡವಾಗುತ್ತಿತ್ತು. ಬಾಬ್ ಬರುವಷ್ಟರಲ್ಲಿ ಅದು ಸತ್ತರೆ ಹುದ್ದೆಯಿರಲಿ, ಇದ್ದ ಹಮಾಲಿಯೂ ಹೋಗುವುದು ಖಂಡಿತ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಘಟ್ಟದ ಮೇಲಿನ ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ತವರಿಗೆ ಕರೆದೊಯ್ಯಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಗೋವೆಗೆ ಬಂದವರನ್ನು ಕರೆಯಲು ಯಾವ ಅಣ್ಣ ಬರುತ್ತಾನೆ? ಆಗಿನ ಮೀಟರ್‌ಗೇಜ್ ರೈಲು ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತಿತ್ತು. ಹಾಗಾಗಿ ನಮ್ಮ ಹೆಂಗಸರು ಗುಡ್ಡದ ಇಳಿಜಾರಿನ ನಾಗರಕಲ್ಲಿಗೆ ಹಾಲೆರೆದು ಸಮಾಧಾನ ಪಡುತ್ತಿದ್ದರು. ಆ ವರ್ಷದ ಮಳೆಗೆ ದರೆ ಕುಸಿದು ಕಲ್ಲು ಮಣ್ಣಿನಡಿ ಸೇರಿತ್ತು.

"ಕಲ್ಲು ಹೋದ್ರ ಏನಾತು? ಚಂದವ್ವನ ಮನ್ಯಾಗ ಜೀವಂತ ನಾಗಪ್ಪ ಅದಾನಲ್ಲ," ಎಂದಳು ಗೌರಿಬಾಯಿ.

"ಅದು ನಾಗಪ್ಪ ಅಲ್ಲಬೇ ಅಕ್ಕಾ," ಎಂದೆ ನಾನು ಗಾಬರಿಯಿಂದ.

"ಕಡದ್ರ ನೀರು ಕುಡ್ಯಾಕೂ ಹೊತ್ತು ಸಿಗೂದಿಲ್ಲ ಅಂದಾವ ನೀನ. ಅಷ್ಟು ವಿಷ ಐತಿ ಅಂದ ಮ್ಯಾಲ ಸತ್ಯುಳ್ಳ ನಾಗಪ್ಪನ."

ಆಗಲಾದರೂ ನಿಜ ಹೇಳಿಬಿಡಬಹುದಿತ್ತು. ಮಾನಕ್ಕಂಜಿ ಸುಮ್ಮನಿದ್ದೆ.

ಹಬ್ಬದ ಬೆಳಿಗ್ಗೆ ನಮ್ಮ ಬಾಗಿಲಿಂದ ಬೀದಿಯ ನಲ್ಲಿಯವರೆಗೆ ಹೆಂಗಸರ ಸಾಲು, ಎಲ್ಲರ ಕೈಯಲ್ಲೂ ಹಾಲಿನ ಬಟ್ಟಲು. ನಮ್ಮ ಕಡೆ ಹಾಲೆರೆಯುವುದೆಂದರೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಚಮಚ. "ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು" ಎಂದು ಶುರುವಾಯಿತು. ಊರು ಬಿಟ್ಟು ಬಂದವರಿಗೆ ಊರಿನವರೆಲ್ಲರ ನೆನಪಾಗುತ್ತದಲ್ಲ? ಅತ್ತೆ, ಮಾವ, ಚಿಗವ್ವ, ದೊಡ್ಡಪ್ಪ, ಯಾರನ್ನೂ ಬಿಡಲಿಲ್ಲ. ಗೌರಿಬಾಯಿ ಊರಲ್ಲಿ ಬಿಟ್ಟು ಬಂದ ಕೆಂದ ಎತ್ತಿನ ಪಾಲನ್ನೂ ಎರೆದಳು. "ನಮ್ಮಣ್ಣನ ಪಾಲು" ಎನ್ನುವಾಗ ಚಂದವ್ವನ ಧ್ವನಿ ತಡೆಯಿತು. ಮದುವೆಯಾದಾಗಿನಿಂದ ಆ ಅಣ್ಣ ಒಮ್ಮೆಯೂ ಕರೆಯಲು ಬಂದವನಲ್ಲ.

ನಾನೂ ಕಣ್ಣೊರೆಸಿಕೊಂಡು ಟ್ರಂಕಿನೊಳಗೆ ನೋಡುತ್ತೇನೆ, ನಮ್ಮ ಹಾವು ಬಾಸುಂದಿಯಲ್ಲಿ ಬಿಟ್ಟ ಜಾಮೂನಿನಂತೆ ತೇಲುತ್ತಿದೆ! ಅದರ ನೆತ್ತಿಯ ಮೇಲೆ ಇಲಿ.

"ಸಾಕ್ರವ್ವಾ, ಸಾಕು," ಎಂದೆ.

"ನಮ್ಮ ಸ್ವಾದರಮಾವನ ಪಾಲು ಇನ್ನೂ ಉಳದೈತಿ," ಎಂದು ಯಾರೋ ಮತ್ತೆರಡು ಚಮಚ ಸುರಿದರು.

ಆ ಸ್ವಾದರಮಾವ ಯಾರೋ ಏನೋ, ಅವನ ಪಾಲು ಬಿದ್ದಿದ್ದೇ ಚೆಂಡು ಬಿಚ್ಚಿತು. ಇಲಿ ಹಾರಿ ಓಡಿತು. ಅದರ ಹಿಂದೆಯೇ ಹಾವು ಟ್ರಂಕಿನ ಅಂಚು ದಾಟಿ, ಕೈಮುಗಿದು ಮರಗಟ್ಟಿ ನಿಂತ ಹೆಂಗಸರ ಕಾಲುಗಳ ನಡುವೆ ಹರಿದು, ತಗಡಿನ ಸಂದಿಯಲ್ಲಿ ನುಸುಳಿ ಗೋಪಪ್ಪನ ಮನೆ ಸೇರಿತು. ಅತ್ತ ಗೋಪಪ್ಪ ಕಿಟಕಿಯಿಂದ ಹೊರಬಿದ್ದ. ಆಮೇಲೆ ಚಾಳಿನಲ್ಲಿ ಒಂದು ಪಿಳ್ಳೆಯೂ ಒಳಗಿರಲಿಲ್ಲ. ಉಂಡಿಗಳೆಲ್ಲ ಒಳಗೆ, ನಾವೆಲ್ಲ ಹೊರಗೆ ಮಳೆಯಲ್ಲಿ.

"ಹೋಗಿ ಹಿಡೀರಿ. ಹಾವಿನ ವಿಷಯದಾಗ ನೀವ ದೊಡ್ಡವರಲ್ಲ," ಎಂದಳು ಚಂದವ್ವ.

ಚೆಂಡಾಗಿ ಕೂತದ್ದನ್ನು ಎತ್ತುವ ಧೈರ್ಯ ಬೇರೆ, ಉದ್ದಕ್ಕೆ ಹರಿಯುವುದನ್ನು ಹಿಡಿಯುವ ಧೈರ್ಯ ಬೇರೆ. ನನ್ನ ಕಾಲು ಏಳಲಿಲ್ಲ. ಬಾಯಿ ಮಾತ್ರ ಎದ್ದಿತು.

"ಅದಕ್ಕ ವಿಷ ಇಲ್ಲ," ಎಂದೆ.

"ನಮ್ಮನ್ನ ಒಳಗ ಕಳಸಾಕ ಸುಳ್ಳು ಹೇಳಾಕತ್ತಾನ," ಎಂದ ಗೋಪಪ್ಪ.

ಚಂದವ್ವ ನನ್ನ ಮುಖ ನೋಡಿದಳು. ಸೀರೆ ಎತ್ತಿ ಕಟ್ಟಿ ಒಳಗೆ ಹೋದಳು. ಬಾಬ್ ಹೇಳಿದ್ದೇ ತಪ್ಪಾಗಿದ್ದರೆ? ಮುಕಾದಮಗಿರಿಗೆ ಬೆಂಕಿ ಬೀಳಲಿ, ಇವಳೊಬ್ಬಳು ಹೊರಗೆ ಬಂದರೆ ಸಾಕು ಎಂದು ಮಳೆಯಲ್ಲಿ ನಿಂತು ಬೇಡಿಕೊಂಡೆ.

ಬಂದಳು. ಹಾವನ್ನು ಉಡಿಯಲ್ಲಿ ಕಟ್ಟಿಕೊಂಡಿದ್ದಳು. ಗೋಪಪ್ಪನ ಕೌದಿಗಳ ನಡುವೆ ಬೆಚ್ಚಗೆ ಮಲಗಿತ್ತಂತೆ. ಅದರ ಹೊಟ್ಟೆಯ ನಡುವೆ ಒಂದು ದುಂಡನೆಯ ಉಬ್ಬು. ಇಲಿಯ ಸುಖದ ದಿನಗಳು ಮುಗಿದಿದ್ದವು.

"ವಿಷ ಇಲ್ಲಂತ ಬಾಬ್ ಮೊದಲ ಹೇಳಿದ್ರೇನ?" ಎಂದು ಮೆಲ್ಲಗೆ ಕೇಳಿದಳು.

"ಹೇಳಿದ್ರು."

"ಮತ್ತ ನಾ ದಿನಾ ಬೆಳಗಾದ್ರ, ಮೊದಲ ನಿಮ್ಮ ಮೂಗಿನ ಮುಂದ ಬೆರಳು ಹಿಡದು, ಉಸರ್ ಐತೋ ಇಲ್ಲೋ ನೋಡಿ ಏಳ್ತಿದ್ನೆಲ್ಲ?"

ನಾನು ಒಳಗೆ ಹೋಗಿ ಟ್ರಂಕಿನ ಹಾಲನ್ನೆಲ್ಲ ಹೊರಗೆ ಚೆಲ್ಲಿ, ಒರೆಸತೊಡಗಿದೆ.

ಆಮೇಲೆ ಹಾವಿನ ಉಸ್ತುವಾರಿ ಚಂದವ್ವನದೇ ಆಯಿತು. ಅವಳ ಹಳೆಯ ಸೀರೆಯೊಳಗೆ ಬೆಚ್ಚಗಿದ್ದು, ಇಲಿ ಮೇಲೆ ಇಲಿ ನುಂಗಿ ಅದು ಮಿರಮಿರ ಮಿಂಚತೊಡಗಿತು. ಬಾಬ್ ಮುಂಬೈಯಿಂದ ಒಬ್ಬರೇ ಬಂದರು. ಗೋದಾಮಿಗೆ ನಾನು ಹೊತ್ತೊಯ್ದ ಟ್ರಂಕು ತೆರೆದು ನೋಡಿ ಅವರ ಕಣ್ಣು ತುಂಬಿತು.

"ನಮ್ಮ ಮನ್ಯಾಗ ಇದು ಹಿಂಗ ಎಂದೂ ತಿಂದಿಲ್ಲ. ಶಾಬಾಸ್ ಕಂಠೆಪ್ಪಾ."

"ಎಲ್ಲಾ ನಿಮ್ಮ ಆಶೀರ್ವಾದ್ರಿ," ಎಂದು ಬೆನ್ನು ನೆಟ್ಟಗೆ ಮಾಡಿ ನಿಂತೆ.

"ನಿನ್ನ ಮುಕಾದಮ ಮಾಡಬೇಕಂತ ಮಾಡಿದ್ದೆ," ಎಂದರು ಬಾಬ್. "ಆದ್ರ ಮುಕಾದಮ ಹಡಗ ತುಂಬೂ ತನಕಾ ಮನಿಗೆ ಹೋಗೂ ಹಂಗಿಲ್ಲ. ಹಾವು ಯಾರ್ ನೋಡ್ತಾರ? ಇದು ಮನ್ಯಾಗ ಇರೂ ತನಕಾ ನನ್ನ ಹೇಣ್ತಿ ವಾಪಸ್ ಬರೂದಿಲ್ಲ ಅಂತಾಳ. ಇದು ನಿನ್ನ ಹತ್ರನ ಇರ್ಲಿ. ಮುಕಾದಮಗಿರಿ ಗೋಪಪ್ಪಗ ಕೊಟ್ಟೀನಿ."

"ಗೋಪಪ್ಪ ಹಾವು ಅಂದ್ರ ಓಡಿಹೋಗ್ತಾನಲ್ರಿ ಬಾಬ್."

"ಅದಕ್ಕ ಅಂತೀನಿ. ಈ ಹಾವಿನ ಕೆಲಸಕ್ಕ ಅವ ಬರೂದಿಲ್ಲ."

ಟ್ರಂಕು ಹೊತ್ತು ಗುಡ್ಡ ಹತ್ತಿ ಮನೆಗೆ ಬಂದೆ. ಪಕ್ಕದ ಮನೆಯಲ್ಲಿ ಮುಕಾದಮ ಗೋಪಪ್ಪ ಪೇಡೆ ಹಂಚುವ ಸದ್ದು ತಗಡಿನಾಚೆಯಿಂದ ಕೇಳುತ್ತಿತ್ತು. ಚಂದವ್ವನಿಗೆ ಎಲ್ಲ ಗೊತ್ತಾಗಿತ್ತು. ನನ್ನ ಕೈಯಿಂದ ಟ್ರಂಕು ಇಳಿಸಿಕೊಂಡು, ಮುಚ್ಚಳ ತೆಗೆದು, ಹಾವಿನ ಮೈಮೇಲೆ ಕೈಯಾಡಿಸಿದಳು.

"ಹೋಗ್ಲಿ ಬಿಡ್ರಿ. ಟೋಳಿ ಗೋಪಪ್ಪಣ್ಣ ನೋಡ್ಲಿ," ಎಂದಳು. "ನೀವು ಮೊದಲ ಹೋಗಿ ಒಂದ್ ಇಲಿ ಹಿಡಕೊಂಡು ಬರ್ರಿ. ಪಾಪ, ಅದು ಹಸದೈತಿ."