ಭಾನುವಾರದ ತಂತಿ ಪ್ರಾಣಿಗಳು

ನಾಲ್ಕು ಜನ ಸೇರಿ ಬಹಳ ಗಂಭೀರವಾಗಿ ಒಂದು ಕೆಲಸಕ್ಕೆ ಕೂತರೆ ನಗೆಪಾಟಲಾಗುವುದು ತಪ್ಪಿದ್ದಲ್ಲ. ನಮಗಂತೂ ಒಮ್ಮೆಯೂ ತಪ್ಪಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಬಲ್ಮಠದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲೇ ಹತ್ತಿರದ ಇಗರ್ಜಿಯ, ಅಂದರೆ ಚರ್ಚಿನ, ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ಟರು ಊರವರಿಗೆ ತಂತಿಯಲ್ಲಿ ಪ್ರಾಣಿ ಪಕ್ಷಿ ಮಾಡಲು ಕಲಿಸುತ್ತಿದ್ದರು. ಯಾರೂ ಬರಬಹುದು, ಇಕ್ಕಳ ತಂದರೆ ಸಾಕು. ಆದರೆ ಸಿಂಹ, ಜಿರಾಫೆ ಮಾಡುವ ಹಾಗಿಲ್ಲ. ನಮ್ಮೂರಿನ ಮುಂಗುಸಿ, ಉಡ, ಕೊಕ್ಕರೆ, ಹೊಳೆಯ ನೀರುನಾಯಿ, ಇಂಥವು ಮಾತ್ರ. “ಮೊದಲು ಹೋಗಿ ನೋಡಿ ಬನ್ನಿ. ಮತ್ತೆ ತಂತಿ ಮುಟ್ಟಿ” ಎನ್ನುವುದು ಅವರ ಕಟ್ಟಳೆ.

ಗರುಡ

ನನ್ನ ಪಾಲಿಗೆ ಬಂದದ್ದು ಗರುಡ. ಬಂದರಿನ ದಕ್ಕೆಯಲ್ಲಿ ದೋಣಿಯಿಂದ ಮೀನು ಇಳಿಸುವ ಹೊತ್ತಿಗೆ ಬೇಕಾದಷ್ಟು ಹಾರುತ್ತವೆ. ಒಂದು ಬೆಳಿಗ್ಗೆ ಹೋಗಿ ಬುಟ್ಟಿಗಳ ನಡುವೆ ನಿಂತು ತಲೆ ಎತ್ತಿದೆ. ಮೀನು ಮಾರುವ ಹೆಂಗಸೊಬ್ಬಳು ತಾನೂ ಮೇಲೆ ನೋಡಿದಳು.

“ಎಂತ ಉಂಟು ಮೇಲೆ?”

“ಗರುಡ.”

“ಅದರಲ್ಲಿ ನೋಡ್ಲಿಕ್ಕೆ ಎಂತ?”

“ರೆಕ್ಕೆ ಹೇಗೆ ಬಗ್ಗುತ್ತದೆ ಅಂತ ನೋಡ್ತಾ ಇದ್ದೇನೆ.”

ಅವಳಿಗೂ ಕುತೂಹಲ ಹುಟ್ಟಿತು. ಅವಳನ್ನು ಕಂಡು ಇಬ್ಬರು ಹಮಾಲಿಗಳು, ಅವರನ್ನು ಕಂಡು ಸೈಕಲಿನವನೊಬ್ಬ, ಎಲ್ಲರೂ ಕತ್ತೆತ್ತಿ ನಿಂತರು. “ಬೊಂಬಾಯಿ ವಿಮಾನವಾ?” ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಇನ್ನೊಂದು ಗರುಡ ಗೋದಾಮಿನ ಹಿಂದಿನಿಂದ ತಗ್ಗಿ ಬಂದು, ಅವಳ ಬುಟ್ಟಿಯಿಂದ ದಪ್ಪನೆಯ ಬಂಗುಡೆಯೊಂದನ್ನು ಎತ್ತಿಕೊಂಡು ಹೋಯಿತು.

ಅವಳು ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ.

“ರೆಕ್ಕೆ ಬಗ್ಗಿದ್ದು ಕಂಡಿತಲ್ಲ? ನಾಳೆ ಬಂದರೆ ಆಚೆಯವಳ ಬುಟ್ಟಿಯ ಹತ್ತಿರ ನಿಲ್ಲಿ” ಎಂದಳು.

ಬಾಲದ ಜಗಳ

ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಹಿರಿಯರೊಬ್ಬರು ಮತ್ತು ಕುದ್ರೋಳಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ ಅಕ್ಕ ಒಬ್ಬರು ನಮ್ಮ ಹಾಲ್‌ನಲ್ಲಿ ಎದುರುಬದುರು ಕೂರುತ್ತಿದ್ದರು. ಅವರ ಹೆಂಡತಿ ತೀರಿಹೋಗಿದ್ದರು, ಇವರ ಗಂಡ ತೀರಿಹೋಗಿದ್ದರು. ಅಕ್ಕ ಎಲ್ಲರಿಗೂ ಫ್ಲಾಸ್ಕಿನಲ್ಲಿ ಚಾ ತರುತ್ತಿದ್ದರು.

ಒಂದು ವರ್ಷ ಹಾಲ್‌ನಿಂದ ತುಂಡು ತಂತಿಗಳು ಕಾಣೆಯಾಗತೊಡಗಿದವು. ಕೊನೆಗೆ ಗಾರ್ಡ್ ಕಷ್ಟಪಟ್ಟು ಹೆಣೆದ ಮುಂಗುಸಿಯ ಬಾಲವೇ ಮಾಯವಾಯಿತು.

“ಇಲ್ಲೇ ಕಿಟಕಿಯ ಹತ್ತಿರ ಇಟ್ಟಿದ್ದೆ. ಎದುರು ಕೂತವರಿಗೆ ಗೊತ್ತಿರಬೇಕು” ಎಂದರು ಗಾರ್ಡ್.

“ನನಗೆ ಎಂತಕ್ಕೆ ನಿಮ್ಮ ಬಾಲ?” ಎಂದರು ಅಕ್ಕ.

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಅಕ್ಕ ಗಾರ್ಡ್‌ರ ಲೋಟವನ್ನು ಕವುಚಿಯೇ ಇಡುತ್ತಿದ್ದರು. ಮಾಸ್ಟರಿಗೆ ಇದು ದೊಡ್ಡ ಸಂಕಟವಾಯಿತು. “ಮನೆಯಲ್ಲಿ ಇಬ್ಬರಿಗೂ ಮಾತಾಡ್ಲಿಕ್ಕೆ ಜನ ಇಲ್ಲ. ಇಲ್ಲಿಯೂ ಇಲ್ಲದ ಹಾಗೆ ಆಯಿತಲ್ಲ” ಎಂದು ನನ್ನೊಡನೆ ನೊಂದುಕೊಂಡರು.

ಒಂದು ಭಾನುವಾರ ಕಂಪೌಂಡಿನ ಮರದಿಂದ ತೆಂಗಿನಕಾಯಿ ಕೀಳಲು ಬಂದವನು, ಮರಿ ಹಾರಿಹೋದ ಹಳೆಯ ಕಾಗೆ ಗೂಡೊಂದನ್ನು ಕೆಳಗೆ ಹಾಕಿದ. ಕಡ್ಡಿಗಿಂತ ನಮ್ಮ ತಂತಿಯೇ ಅದರಲ್ಲಿ ಹೆಚ್ಚು. ನಡುವೆ ಸುತ್ತಿಕೊಂಡು ಕೂತಿತ್ತು ಮುಂಗುಸಿಯ ಬಾಲ. ಗಾರ್ಡ್ ತಲೆ ತಗ್ಗಿಸಿದರು. ಅಕ್ಕ ಅವರ ಲೋಟ ನೆಟ್ಟಗಿಟ್ಟು ಚಾ ಬಗ್ಗಿಸಿ ಮುಂದೆ ದೂಡಿದರು.

ಮಾಸ್ಟರು ಗೂಡನ್ನು ತಿರುಗಿಸಿ ತಿರುಗಿಸಿ ನೋಡಿ, “ಗಟ್ಟಿ ಕೆಲಸ. ಇದನ್ನೂ ಈ ವರ್ಷದ ನಮ್ಮ ಪ್ರದರ್ಶನಕ್ಕೆ ಇಡುವ” ಎಂದರು.

ಚಾ ಕುಡಿದು ಗಾರ್ಡ್‌ರಿಗೆ ಧೈರ್ಯ ಬಂದಿತ್ತು. “ಕಾಗೆ ನಮ್ಮ ಮೆಂಬರ್ ಅಲ್ಲವಲ್ಲ ಮಾಸ್ಟರೇ?”

“ಒಂದು ಭಾನುವಾರವೂ ತಪ್ಪಿಸದೆ ಬಂದದ್ದು ಅದೊಂದೇ ಮಾರಾಯರೇ!”

ಎಡಗೈಯ ಕೆಲಸ

ಎಂಬತ್ತರ ದಶಕದ ನಡುವಿನಲ್ಲಿ ಮಾಸ್ಟರಿಗೆ ಪಕ್ಷವಾತ ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಭಾನುವಾರ ನಾವು ಅವರ ಮನೆಗೆ ಹೋಗತೊಡಗಿದೆವು. ಅವರು ತಂತಿಯ ಒಂದು ತುದಿಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು ಎಡಗೈಯಲ್ಲಿ ಏನೋ ಬಗ್ಗಿಸುತ್ತಿದ್ದರು. ಏನೆಂದು ನಮಗೆ ತಿಳಿಯುತ್ತಿರಲಿಲ್ಲ. ಕೇಳಿದರೆ ಅವರಿಗೆ ನೋವಾದೀತು. “ಚೆನ್ನಾಗಿ ಬರ್ತಾ ಉಂಟು” ಎಂದು ಹೇಳಿ, ಗೇಟು ದಾಟಿದ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದೆವು.

ಅದು ಮುಗಿಯುವ ಮೊದಲೇ ಮಾಸ್ಟರು ತೀರಿಕೊಂಡರು.

ಶವದ ಪೆಟ್ಟಿಗೆ ಮನೆಯ ಚಾವಡಿಯಲ್ಲಿತ್ತು. ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ನಾವು ಬಾಯಿ ಎಂದು ಕರೆಯುತ್ತಿದ್ದ ಅವರ ಹೆಂಡತಿ ಬೆಳಗಿನಿಂದ ಅತ್ತಿರಲಿಲ್ಲ, ಮಾತಾಡಿರಲಿಲ್ಲ, ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಅವರ ತಂಗಿ ಹೆದರಿ ಪಕ್ಕದಲ್ಲೇ ಕೂತಿದ್ದರು. ಬಾಯಿ ತಟ್ಟನೆ ಎದ್ದು ಒಳಗೆ ಹೋಗಿ ಆ ತಂತಿಯದನ್ನು ತಂದು ಮಾಸ್ಟರ ಎದೆಯ ಹತ್ತಿರ ಇಟ್ಟರು.

ಪಾದ್ರಿಗಳು ನಮ್ಮ ಕಡೆ ಬಗ್ಗಿ ಮೆಲ್ಲಗೆ, “ಇದು ಎಂತ ಪಕ್ಷಿ?” ಎಂದರು.

ಶಿಷ್ಯರಾಗಿ ಗೊತ್ತಿಲ್ಲ ಎನ್ನುವುದು ಹೇಗೆ? “ಕೊಕ್ಕರೆ, ಫಾದರ್. ಕುತ್ತಿಗೆ ನೋಡಿ” ಎಂದರು ಗಾರ್ಡ್.

“ಎಂತ ಕೊಕ್ಕರೆ! ನೀರುನಾಯಿ ಅದು. ಬೆನ್ನು ನೋಡಿ” ಎಂದರು ಅಕ್ಕ.

ನನಗೂ ಸುಮ್ಮನಿರಲಾಗಲಿಲ್ಲ. “ಉಡ ಇರಬೇಕು” ಎಂದೆ.

ಪಿಸುಮಾತು ಸ್ವಲ್ಪ ಜೋರಾಯಿತೋ ಏನೋ. ಬಾಯಿ ತಲೆ ಎತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಅದು ನಾನು” ಎಂದರು. “ಸಂಜೆ ಕುರ್ಚಿ ತೋರಿಸಿ ಎದುರು ಕೂರಿಸ್ತಿದ್ರು.”

ನಮಗೆ ಭೂಮಿ ಬಾಯ್ತೆರೆಯಬಾರದೇ ಎನ್ನಿಸಿತು. ಗಾರ್ಡ್ ಗಾಬರಿಯಲ್ಲಿ, “ಹೌದು ಬಾಯಿ, ಈಗ ನೋಡಿದರೆ ಹೋಲಿಕೆ ಉಂಟು” ಎಂದುಬಿಟ್ಟರು.

ಬಾಯಿಯ ಭುಜ ಕುಲುಕಿತು. ಅಳುತ್ತಿದ್ದಾರೆಂದು ಅಕ್ಕ ಓಡಿಹೋಗಿ ಹಿಡಿದುಕೊಂಡರು. ನೋಡಿದರೆ ನಗು. ನಕ್ಕು ನಕ್ಕು ಕೊನೆಗೆ ಅಳುವೂ ಬಂತು, ಧಾರಾಳವಾಗಿ. ತಂಗಿ ಕೊಟ್ಟ ನೀರನ್ನು ಪೂರ್ತಿ ಕುಡಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಪೆಟ್ಟಿಗೆಯ ಮೇಲೆ ಬಗ್ಗಿ ಗಂಡನಿಗೆ ಕೊಂಕಣಿಯಲ್ಲಿ ಹೇಳಿದರು:

“ಕೇಳಿತಾ ನಿಮಗೆ? ನಿಮ್ಮ ಶಿಷ್ಯರು ನನ್ನನ್ನು ಉಡ ಮಾಡಿದರು!”